ಎಫೆಕ್ಟ್ ಆಮೇಲೆ, ಮೊದಲು ಅಕ್ಷರ

ಲಗ್ನದ ಹಂಗಾಮಿನಲ್ಲಿ ಬಳ್ಳಾರಿ, ಕೊಪ್ಪಳ, ರಾಯಚೂರಿನ ಯಾವ ಪ್ರಿಂಟಿಂಗ್ ಪ್ರೆಸ್‌ಗೆ ಹೋಗಿ ಕೂತರೂ ಸಂಜೆ ಹೊತ್ತಿಗೆ ಫೋನಿನಲ್ಲಿ ಈ ಮಾತು ಕೇಳಿಸುತ್ತದೆ: “ತಮ್ಮಾ, ನಿನ್ನ ಫೈಲ್‌ನಾಗ ಅಕ್ಷರ ಒಡದಾವ ನೋಡು.” ಆ ಕಡೆಯಿಂದ ಹೊಸ ಡಿಸೈನರ್ ಹುಡುಗ, “ಇಲ್ಲಣ್ಣಾ, ನನ್ನ ಸಿಸ್ಟಮ್‌ನಾಗ ಸರಿ ಅದಾವಲ್ಲ” ಅನ್ನುತ್ತಾನೆ. ಇಬ್ಬರೂ ಹೇಳುತ್ತಿರುವುದು ನಿಜ. ಅವನ ಕಂಪ್ಯೂಟರಿನಲ್ಲಿ ಸರಿಯಾಗಿಯೇ ಇದೆ, ಇಲ್ಲಿ ಒಡೆದಿದೆ. ಯಾಕೆ ಹೀಗಾಗುತ್ತದೆ ಎಂಬುದನ್ನು ಒಮ್ಮೆ ಸರಿಯಾಗಿ ತಿಳಿದುಕೊಂಡರೆ ಈ ಫೋನು ಮತ್ತೆ ಬರುವುದಿಲ್ಲ. ಆದರೆ ಡಿಸೈನ್ ಕಲಿಯಲು ಬರುವ ಹತ್ತರಲ್ಲಿ ಎಂಟು ಮಂದಿ ಅದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಕಲಿತಿರುತ್ತಾರೆ.

ಲೇಯರ್, ಮಾಸ್ಕ್, ಫೋಟೋ ಕಟಿಂಗ್ ಇವೆಲ್ಲ ಯೂಟ್ಯೂಬ್‌ನಲ್ಲಿ ಚೆನ್ನಾಗಿಯೇ ಸಿಗುತ್ತವೆ, ಇಲ್ಲಿ ಹೇಳುವುದಿಲ್ಲ. ಆದರೆ ನಮ್ಮ ಕಡೆ ಡಿಸೈನರ್‌ಗೆ ಮೊದಲ ವರ್ಷ ದುಡ್ಡು ಬರುವುದು ಎಲ್ಲಿಂದ? ಲಗ್ನಪತ್ರಿಕೆ, ಅಂಗಡಿ ಬೋರ್ಡು, ಗಂಗಾವತಿ-ಸಿಂಧನೂರಿನ ರೈಸ್‌ಮಿಲ್ಲಿನ ಚೀಲ, ಬಳ್ಳಾರಿ ಜೀನ್ಸ್ ಯೂನಿಟ್ಟಿನ ಟ್ಯಾಗು, ಗವಿಮಠದ ಜಾತ್ರೆಗೆ ಹಚ್ಚುವ ಪೋಸ್ಟರು, ಶ್ರದ್ಧಾಂಜಲಿ ಬ್ಯಾನರು. ಇವುಗಳಲ್ಲಿ ಬಹುಪಾಲು ಕನ್ನಡ ಅಕ್ಷರದ ಕೆಲಸ. 2024ರಲ್ಲಿ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ ತಿದ್ದುಪಡಿ ಬಂದಮೇಲೆ ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ. ತೆಲುಗು, ಉರ್ದು, ಇಂಗ್ಲಿಷ್ ಎಲ್ಲವೂ ಓಡಾಡುವ ನಮ್ಮ ಊರುಗಳಲ್ಲಿ ಕನ್ನಡವನ್ನು ಅಂದವಾಗಿ ಕೂರಿಸಬಲ್ಲವನಿಗೆ ಕೆಲಸ ಕಡಿಮೆಯಾಗುವುದಿಲ್ಲ.

ಈಗ ಅಕ್ಷರ ಒಡೆಯುವ ವಿಚಾರ. ಕಂಪ್ಯೂಟರಿನಲ್ಲಿ ಕನ್ನಡ ಎರಡು ಬಗೆ. ಒಂದನ್ನು ಎಲ್ಲರೂ ಆಸ್ಕಿ ಅನ್ನುತ್ತಾರೆ. ಹಳೆಯ ನುಡಿ, ಬರಹ, ಶ್ರೀಲಿಪಿ ಫಾಂಟುಗಳು ಈ ಜಾತಿಯವು. ಇನ್ನೊಂದು ಯೂನಿಕೋಡ್. ಪರದೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ, ಗೊಂದಲಕ್ಕೆ ಬೇರು ಅದೇ. ಹಳೆಯ ನುಡಿಯಲ್ಲಿ ನೀವು ‘ಕನ್ನಡ’ ಎಂದು ಟೈಪ್ ಮಾಡಿದಾಗ ಫೈಲಿನ ಒಳಗೆ ಕನ್ನಡವೇ ಇರುವುದಿಲ್ಲ. ‘ಕ’ ಇರಬೇಕಾದ ಕಡೆ ಇಂಗ್ಲಿಷಿನ ದೊಡ್ಡ ಪಿ, ಅದರ ಪಕ್ಕ ತಲೆಯ ಮೇಲೆ ಓರೆಗೆರೆ ಹೊತ್ತ ಎ. ‘ನ’ ಇರಬೇಕಾದ ಕಡೆ ಬ್ರಿಟನ್ನಿನ ಪೌಂಡ್ ಗುರುತು. ಆ ಪಿ ಅಕ್ಷರಕ್ಕೆ ‘ಕ’ದ ವೇಷ ಹಾಕಿಸುವುದು ಫಾಂಟು. ಪ್ರೆಸ್ಸಿನ ಕಂಪ್ಯೂಟರಿನಲ್ಲಿ ಅದೇ ಫಾಂಟು, ಅದೇ ಹೆಸರಿನಲ್ಲಿ ಇಲ್ಲದಿದ್ದರೆ ವೇಷ ಕಳಚುತ್ತದೆ, ವಧು-ವರರ ಹೆಸರಿನ ಜಾಗದಲ್ಲಿ ಪೌಂಡು, ಓರೆಗೆರೆ ಎಲ್ಲ ಎದ್ದು ಕೂರುತ್ತವೆ.

ಯೂನಿಕೋಡಿನಲ್ಲಿ ಹಾಗಿಲ್ಲ. ‘ಕ’ ಅಕ್ಷರಕ್ಕೆ ಜಗತ್ತಿನ ಎಲ್ಲ ಕಂಪ್ಯೂಟರುಗಳಲ್ಲೂ 0ಸಿ95 ಎಂಬ ಒಂದೇ ಸಂಖ್ಯೆ. ಫಾಂಟ್ ಬದಲಾದರೆ ಅಕ್ಷರದ ಚೆಲುವು ಬದಲಾಗಬಹುದು, ಅಕ್ಷರ ಬದಲಾಗುವುದಿಲ್ಲ. ಆದರೆ ಇಲ್ಲಿ ಒತ್ತಕ್ಷರವನ್ನು ಕೂಡಿಸುವ ಕೆಲಸ ಫಾಂಟು ಮತ್ತು ಸಾಫ್ಟ್‌ವೇರ್ ಎರಡೂ ಸೇರಿ ಮಾಡಬೇಕು. ಸಾಫ್ಟ್‌ವೇರ್‌ಗೆ ಆ ವಿದ್ಯೆ ಬರದಿದ್ದರೆ ಒತ್ತು ಕೆಳಗಿಳಿಯದೆ ಪಕ್ಕದಲ್ಲೇ ನಿಲ್ಲುತ್ತದೆ, ಮೇಲೊಂದು ಹಲಂತದ ಕೊಂಬು ಕಾಣಿಸುತ್ತದೆ. ಹಾಗಾಗಿ ಒಡೆದ ಅಕ್ಷರ ನೋಡಿದ ಕೂಡಲೇ ರೋಗ ಯಾವುದೆಂದು ಹೇಳಬಹುದು. ಇಂಗ್ಲಿಷ್ ಅಕ್ಷರ, ಚಿಹ್ನೆ ಕಂಡರೆ ಆಸ್ಕಿ ಫಾಂಟ್ ಇಲ್ಲ. ಕನ್ನಡವೇ ಕಂಡು ಒತ್ತು ಮಾತ್ರ ಬಿಡಿಬಿಡಿಯಾಗಿದ್ದರೆ ಯೂನಿಕೋಡ್ ಸರಿಯಿದೆ, ಸಾಫ್ಟ್‌ವೇರಿನ ಸೆಟ್ಟಿಂಗ್ ಸರಿಯಿಲ್ಲ. ಬರೀ ಚೌಕಗಳು ಕಂಡರೆ ಆ ಫಾಂಟಿನಲ್ಲಿ ಕನ್ನಡವೇ ಇಲ್ಲ. ಮೂರಕ್ಕೂ ಮದ್ದು ಬೇರೆ ಬೇರೆ. ಮೂರಕ್ಕೂ “ಇನ್ನೊಂದು ಸಲ ಫಾಂಟ್ ಹಾಕಿ ನೋಡ್ತೀನಿ” ಎನ್ನುವುದರಿಂದ ರಾತ್ರಿ ಹಾಳಾಗುತ್ತದೆ ಅಷ್ಟೆ.

2022ರ ಆವೃತ್ತಿಗಿಂತ ಹಿಂದಿನ ಫೋಟೋಶಾಪಿನಲ್ಲಿ ಒತ್ತಕ್ಷರ ಒಡೆದರೆ ಪ್ರಿಫರೆನ್ಸಸ್‌ಗೆ ಹೋಗಿ ಟೈಪ್ ವಿಭಾಗದಲ್ಲಿ ‘ವರ್ಲ್ಡ್ ರೆಡಿ ಲೇಔಟ್’ ಆರಿಸಬೇಕು. ಇನ್ನೂ ಹಳೆಯ ಆವೃತ್ತಿಗಳಲ್ಲಿ ಅದರ ಹೆಸರು ‘ಮಿಡಲ್ ಈಸ್ಟರ್ನ್ ಅಂಡ್ ಸೌತ್ ಏಷ್ಯನ್’. ಆರಿಸಿದ ಮೇಲೆ ಫೋಟೋಶಾಪ್ ಮುಚ್ಚಿ ತೆರೆಯಿರಿ, ಹೊಸ ಫೈಲಿನಲ್ಲಿ ನೋಡಿ. ಹಳೆಯ ಫೈಲಿನ ಅಕ್ಷರ ತಾನಾಗಿ ಸರಿಹೋಗುವುದಿಲ್ಲ, ಆ ಟೆಕ್ಸ್ಟ್ ಆರಿಸಿಕೊಂಡು ಪ್ಯಾರಾಗ್ರಾಫ್ ಪ್ಯಾನೆಲ್ಲಿನ ಮೂಲೆಯ ಮೆನುವಿನಿಂದ ಬದಲಿಸಬೇಕು. ಇಲ್ಲಸ್ಟ್ರೇಟರಿನಲ್ಲಿ ಮೊದಲು ‘ಶೋ ಇಂಡಿಕ್ ಆಪ್ಷನ್ಸ್’ ಗುರುತು ಹಾಕಬೇಕು. ಇನ್‌ಡಿಸೈನಿನಲ್ಲಿ ‘ವರ್ಲ್ಡ್ ರೆಡಿ ಪ್ಯಾರಾಗ್ರಾಫ್ ಕಂಪೋಸರ್’. ಇನ್ನು ಕೋರೆಲ್, ಅಂದರೆ ಕೋರೆಲ್‌ಡ್ರಾ. ನಮ್ಮ ಕಡೆಯ ಎಷ್ಟೋ ಪ್ರೆಸ್ಸುಗಳಲ್ಲಿ ಇವತ್ತಿಗೂ ಹಳೆಯ ಕೋರೆಲ್‌ನಲ್ಲೇ ಕೆಲಸ ನಡೆಯುತ್ತದೆ, ಅದಕ್ಕೆ ಯೂನಿಕೋಡ್ ಒಗ್ಗುವುದಿಲ್ಲ, ನುಡಿ ಆಸ್ಕಿಯೇ ಬೇಕು. ಅವರನ್ನು ಹಳೇ ಕಾಲದವರು ಎಂದು ಹೀಗಳೆಯಬೇಡಿ. ಯಾವ ಪ್ರೆಸ್ಸಿಗೆ ಕೆಲಸ ಕೊಡುತ್ತೀರೋ ಅವರ ಬಳಿ ಯಾವ ಆವೃತ್ತಿ ಇದೆ ಎಂದು ಡಿಸೈನ್ ಶುರುಮಾಡುವ ಮುಂಚೆಯೇ ಕೇಳಿ.

ಆಸ್ಕಿಯಿಂದ ಯೂನಿಕೋಡ್‌ಗೆ ಕನ್ವರ್ಟ್ ಮಾಡಿದರೆ ಆಯಿತಲ್ಲ ಎನ್ನುವವರಿಗೆ ಒಂದು ಎಚ್ಚರಿಕೆ. ಅರ್ಕಾವತ್ತನ್ನು ಆಸ್ಕಿಯಲ್ಲಿ ಅಕ್ಷರದ ನಂತರ ಹಚ್ಚುತ್ತಾರೆ, ಯೂನಿಕೋಡಿನಲ್ಲಿ ‘ರ್’ ಮೊದಲು ಬರುತ್ತದೆ. ಕನ್ವರ್ಟರ್ ಇಲ್ಲಿ ಎಡವಿದರೆ ‘ಧರ್ಮ’ ಹೋಗಿ ‘ಧಮರ್’ ಆಗುತ್ತದೆ. ಕನ್ವರ್ಟ್ ಮಾಡಿದ ಪ್ರತಿ ಸಾಲಿನಲ್ಲೂ ಅರ್ಕಾವತ್ತನ್ನು ಹುಡುಕಿ ಓದಬೇಕು. ಇದಕ್ಕಿಂತ ಕೆಟ್ಟ ಅಭ್ಯಾಸ ಇನ್ನೊಂದಿದೆ. ಅರ್ಕಾವತ್ತು ಟೈಪ್ ಮಾಡಲು ಬಾರದವರು ಕನ್ನಡದ ಒಂಬತ್ತನ್ನು ತಂದಿಟ್ಟು ‘ಕನಾ೯ಟಕ’ ಮಾಡುತ್ತಾರೆ, ಅನುಸ್ವಾರದ ಜಾಗಕ್ಕೆ ಸೊನ್ನೆ ಇಟ್ಟು ‘ಬ೦ಧು’ ಮಾಡುತ್ತಾರೆ. ಕಣ್ಣಿಗೆ ಹೊಂದಿದಂತೆ ಕಾಣುತ್ತದೆ, ನಿಜ. ಫಾಂಟ್ ಬದಲಿಸಿ ನೋಡಿ, ಆ ಒಂಬತ್ತು ಎತ್ತರ ಬೆಳೆದು ಪದದ ನಡುವೆ ನಿಂತಿರುತ್ತದೆ. ‘ಫೇಸ್‌ಬುಕ್’ ಎಂದು ಬರೆಯುವಾಗ ‘ಸ್’ ಕೆಳಗೆ ‘ಬ’ ಒತ್ತು ಬೀಳದಂತೆ ತಡೆಯುವ ಕಾಣದ ಅಕ್ಷರವೊಂದಿದೆ, ‘ರ‍್ಯಾಲಿ’ಯಲ್ಲಿ ‘ರ’ಕ್ಕೆ ಯಒತ್ತು ಕೊಡಿಸುವುದೂ ಅಂಥದೇ ಇನ್ನೊಂದು. ನಿಮ್ಮ ಕೀಲಿಮಣೆಯಲ್ಲಿ ಅವು ಯಾವ ಕೀಲಿಯಲ್ಲಿವೆ ಎಂದು ಹುಡುಕಿಟ್ಟುಕೊಳ್ಳಿ. ನುಡಿ ಕೀಲಿಮಣೆ ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ್ದು. ದಿನಕ್ಕೊಂದು ತಾಸು ಕೂತರೆ ಒಂದು ತಿಂಗಳಲ್ಲಿ ಬಹುತೇಕರಿಗೆ ಕೈ ಕೂರುತ್ತದೆ. ಮೊಬೈಲಿನಲ್ಲಿ ಮಾತಾಡಿ ಟೈಪ್ ಮಾಡಿಸಿ ತಂದು ಅಂಟಿಸುವುದರಿಂದ ಹೆಸರುಗಳು ಕೆಡುತ್ತವೆ.

ಎರಡನೆಯ ತೊಂದರೆ ಜೆಪಿಜಿ. ಪಿಕ್ಸೆಲ್‌ಲ್ಯಾಬ್‌ನಲ್ಲೋ ಫೋಟೋಶಾಪಿನಲ್ಲೋ ಇಡೀ ಕಾರ್ಡು ಮಾಡಿ ವಾಟ್ಸಾಪಿನಲ್ಲಿ ಚಿತ್ರವಾಗಿ ಕಳಿಸುತ್ತಾರೆ. ಹಾಗೆ ಕಳಿಸಿದ ಚಿತ್ರ ಸಾಮಾನ್ಯವಾಗಿ ಉದ್ದದ ಬದಿಯಲ್ಲಿ ಸುಮಾರು 1600 ಪಿಕ್ಸೆಲ್‌ಗೆ ಇಳಿಯುತ್ತದೆ. ಇಂಚಿಗೆ 300ರ ಲೆಕ್ಕ ಹಾಕಿದರೆ ಅದು ಐದೂಕಾಲು ಇಂಚಿಗೆ ಸಾಕು, ಎ4 ಅಳತೆಗೆ ಎಳೆದರೆ ಅಕ್ಷರದ ಅಂಚು ಹಲ್ಲು ಹಲ್ಲಾಗುತ್ತದೆ. ಕಳಿಸಲೇಬೇಕಾದರೆ ‘ಡಾಕ್ಯುಮೆಂಟ್’ ಎಂದು ಕಳಿಸಿ. ಆದರೂ ಚಿತ್ರವಾದ ಅಕ್ಷರ ಚಿತ್ರವೇ. ಪಿಡಿಎಫ್‌ನಲ್ಲಿ ಅಕ್ಷರ ಅಕ್ಷರವಾಗಿಯೇ ಅಥವಾ ಕರ್ವ್ಸ್ ಆಗಿ (ಅಂದರೆ ಫಾಂಟಿನ ಹಂಗಿಲ್ಲದ ಬರೀ ಗೆರೆಯ ಆಕಾರವಾಗಿ) ಬಂದರೆ ಪ್ಲೇಟ್ ಮಾಡುವ ಯಂತ್ರ ಅದನ್ನು ಇಂಚಿಗೆ 2400 ಚುಕ್ಕಿಯಲ್ಲಿ ಕೊರೆಯುತ್ತದೆ. ಜೆಪಿಜಿಯಲ್ಲಿ ನೀವು ಕೊಟ್ಟ 300 ಮಾತ್ರ. ಹತ್ತು ಪಾಯಿಂಟಿನ ‘ಜ್ಞ’ದಲ್ಲಿ ಈ ವ್ಯತ್ಯಾಸ ಬರಿಗಣ್ಣಿಗೇ ಕಾಣುತ್ತದೆ.

ಕೆಲಸ ಮುಗಿದಾಗ ನಿಮ್ಮ ಬಳಿ ಎರಡು ಫೈಲ್ ಇರಬೇಕು. ಒಂದು, ತಿದ್ದಲು ಬರುವ ಮೂಲ. ಇನ್ನೊಂದು, ಕೋರೆಲ್‌ನಲ್ಲಿ ಕಂಟ್ರೋಲ್ ಕ್ಯೂ, ಇಲ್ಲಸ್ಟ್ರೇಟರಿನಲ್ಲಿ ಕಂಟ್ರೋಲ್ ಶಿಫ್ಟ್ ಓ ಒತ್ತಿ ಕರ್ವ್ಸ್ ಮಾಡಿದ ಪ್ರತಿ. ಪ್ರೆಸ್ಸಿಗೆ ಹೋಗುವುದು ಎರಡನೆಯದು, ಕತ್ತರಿಸುವ ಅಂಚಿನಾಚೆ ನಾಲ್ಕೂ ಬದಿಗೆ 3 ಮಿಲಿಮೀಟರ್ ಹೆಚ್ಚುವರಿ ಬಣ್ಣದೊಂದಿಗೆ. ಮೂಲವನ್ನೇ ಕರ್ವ್ಸ್ ಮಾಡಿ ಸೇವ್ ಮಾಡಿಬಿಟ್ಟರೆ, ಹುಡುಗಿಯ ಸೋದರಮಾವನ ಹೆಸರು ಬಿಟ್ಟುಹೋಗಿದೆ ಎಂದು ರಾತ್ರಿ ಹತ್ತಕ್ಕೆ ಫೋನು ಬಂದಾಗ ಇಡೀ ಪುಟ ಮತ್ತೆ ಟೈಪ್ ಮಾಡಬೇಕಾಗುತ್ತದೆ.

ಕಪ್ಪು ಬಣ್ಣದ ಬಗ್ಗೆ ಒಂದು ಮಾತು. ಪರದೆಯ ಕಪ್ಪನ್ನು ಹಾಗೇ ಸಿಎಂವೈಕೆಗೆ, ಅಂದರೆ ಅಚ್ಚಿನ ನೀಲಿ, ಕೆಂಪು, ಹಳದಿ, ಕಪ್ಪು ಎಂಬ ನಾಲ್ಕು ಶಾಯಿಗೆ, ಬದಲಿಸಿದರೆ ಫೋಟೋಶಾಪಿನ ಮಾಮೂಲಿ ಸೆಟ್ಟಿಂಗಿನಲ್ಲಿ ಸಿ 75, ಎಂ 68, ವೈ 67, ಕೆ 90ರ ಆಸುಪಾಸು ಆಗುತ್ತದೆ. ಅಂದರೆ ಒಂದು ಸಣ್ಣ ಅಕ್ಷರ ನಾಲ್ಕು ಪ್ಲೇಟಿನಲ್ಲಿ ನಾಲ್ಕು ಸಲ ಒಂದರ ಮೇಲೊಂದು ಕರಾರುವಾಕ್ಕಾಗಿ ಬೀಳಬೇಕು. ಕೂದಲೆಳೆಯಷ್ಟು ಸರಿದರೂ ಒತ್ತಕ್ಷರದ ಹೊಟ್ಟೆ ಮುಚ್ಚಿ, ಅಂಚಿನಲ್ಲಿ ಕೆಂಪು-ನೀಲಿ ಇಣುಕುತ್ತದೆ. ಓದುವ ಅಕ್ಷರಕ್ಕೆ ಕೆ 100 ಮಾತ್ರ, ಉಳಿದ ಮೂರೂ ಸೊನ್ನೆ.

ಅಕ್ಷರ ಒಡೆಯದಿದ್ದರೂ ಕೆಡಬಹುದು. ಇಂಗ್ಲಿಷಿಗೆ ಹೊಂದಿಸಿಟ್ಟ ಸಾಲಿನ ಅಂತರ ಅಕ್ಷರದ ಅಳತೆಯ ಶೇ 120. ಕನ್ನಡದಲ್ಲಿ ‘ಲಕ್ಷ್ಮೀ’, ‘ರಾಷ್ಟ್ರ’, ‘ಸ್ತ್ರೀ’ಗಳ ಒತ್ತು ಎರಡು ಮೆಟ್ಟಿಲು ಕೆಳಗಿಳಿಯುತ್ತದೆ, ಕೆಳಸಾಲಿನ ಗುಡಿಸು ಮೇಲೇರುತ್ತದೆ, ಎರಡೂ ಡಿಕ್ಕಿ ಹೊಡೆಯುತ್ತವೆ. ಶೇ 140ರಿಂದ ಶುರುಮಾಡಿ, ಫಾಂಟ್ ನೋಡಿಕೊಂಡು 160ರವರೆಗೆ ಹೋಗಿ. ಅಕ್ಷರಗಳ ನಡುವೆ ಜಾಗ ಹಿಗ್ಗಿಸುವ ಇಂಗ್ಲಿಷ್ ಚೆಂದ ಕನ್ನಡಕ್ಕೆ ಬೇಡ, ದೀರ್ಘವೂ ಕೊಂಬೂ ಅಕ್ಷರದಿಂದ ಕಳಚಿ ಅನಾಥವಾಗುತ್ತವೆ.

ಇನ್ನು ಸ್ಟ್ರೋಕ್. ಅಕ್ಷರ ದಪ್ಪ ಕಾಣಲಿ ಎಂದು ಸುತ್ತ ಗೆರೆ ಹಚ್ಚುವುದು ಹೊಸಬರಿಗೆ ಬಲು ಇಷ್ಟ. ಕನ್ನಡದಲ್ಲಿ ‘ದ’ಕ್ಕೂ ‘ಧ’ಕ್ಕೂ ಇರುವ ವ್ಯತ್ಯಾಸ ಕೆಳಗಿನ ಒಂದು ಸಣ್ಣ ಸೀಳು. ‘ಪ’ ‘ಫ’, ‘ಬ’ ‘ಭ’, ‘ಡ’ ‘ಢ’ಗಳದ್ದೂ ಅದೇ ಕಥೆ. ಸ್ಟ್ರೋಕ್ ಆ ಸೀಳನ್ನು ನುಂಗಿದರೆ ‘ಧನಲಕ್ಷ್ಮೀ ಟ್ರೇಡರ್ಸ್’ ಬೋರ್ಡಿನಲ್ಲಿ ಧನ ಹೋಗಿ ದನ ನಿಲ್ಲುತ್ತದೆ. ಆ ಅಂಗಡಿಯವರು ಸಾಲ ಮಾಡಿ ಅಂಗಡಿ ತೆರೆದಿರುತ್ತಾರೆ, ಬೋರ್ಡಿಗೆ ಮಾಲೆ ಹಾಕಿ ತೆಂಗಿನಕಾಯಿ ಒಡೆದಿರುತ್ತಾರೆ. ದಪ್ಪ ಬೇಕಿದ್ದರೆ ದಪ್ಪವಾಗಿಯೇ ಬರೆದ ಫಾಂಟ್ ತೆಗೆದುಕೊಳ್ಳಿ. ಬಾಲೂ ತಮ್ಮ, ಅನೇಕ್ ಕನ್ನಡ, ನೋಟೋ ಸಾನ್ಸ್ ಕನ್ನಡ ಇವೆಲ್ಲ ಗೂಗಲ್ ಫಾಂಟ್ಸ್‌ನಲ್ಲಿ ಉಚಿತ, ಮುಕ್ತ ಪರವಾನಗಿಯವು, ವ್ಯಾಪಾರದ ಕೆಲಸಕ್ಕೂ ಬಳಸಬಹುದು. ಪೆನ್‌ಡ್ರೈವಿನಲ್ಲಿ ಕೈಯಿಂದ ಕೈಗೆ ಬಂದ ಫಾಂಟಿಗೆ ಆ ಭರವಸೆ ಇಲ್ಲ.

ರೆಡಿ ಕಾರ್ಡಿನ ಮೇಲೆ ಬಂಗಾರದ ಶಾಯಿಯಲ್ಲಿ ಸ್ಕ್ರೀನ್ ಪ್ರಿಂಟ್ ಮಾಡಿಸುವಾಗ ಈ ಸೀಳಿನ ಕಾಟ ಇನ್ನೂ ಹೆಚ್ಚು. ಆ ಶಾಯಿಯ ಕಣ ದಪ್ಪ, ಅದಕ್ಕೆ ತೂತು ದೊಡ್ಡದಿರುವ ಬಲೆ ಬೇಕು, ಸಣ್ಣ ಗೆರೆ ಅದರಲ್ಲಿ ನಿಲ್ಲುವುದಿಲ್ಲ. ಅಲ್ಲಿ ಎಳೆ ತೆಳುವಾದ ಫಾಂಟ್ ಬೇಡವೇ ಬೇಡ. ಅಕ್ಕಿ ಚೀಲದ್ದು ಬೇರೆ ಲೆಕ್ಕ. ಬಣ್ಣದ ಲ್ಯಾಮಿನೇಟೆಡ್ ಚೀಲಕ್ಕೆ ಪ್ರತಿ ಬಣ್ಣಕ್ಕೊಂದು ಲೋಹದ ಸಿಲಿಂಡರ್ ಕೊರೆಸುತ್ತಾರೆ. ನಿವ್ವಳ ತೂಕವೋ, ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) 14 ಅಂಕಿಯ ಲೈಸೆನ್ಸ್ ನಂಬರೋ ತಪ್ಪಿದರೆ ಅಳಿಸಲು ಬರುವುದಿಲ್ಲ, ಆ ಬಣ್ಣದ ಸಿಲಿಂಡರ್ ಹೊಸದೇ ಆಗಬೇಕು. ಚೀಲದ ಮೇಲೆ ಕಾನೂನು ಕೇಳುವ ವಿವರಗಳನ್ನು ಮಿಲ್ಲಿನವರಿಂದ ಬರಹದಲ್ಲಿ ತೆಗೆದುಕೊಳ್ಳಿ, ಹಳೆಯ ಚೀಲ ನೋಡಿ ನಕಲು ಮಾಡಬೇಡಿ.

ತಪ್ಪು ಅಚ್ಚಾದರೆ ಖರ್ಚು ಯಾರದು ಎಂಬ ಜಗಳದಲ್ಲಿ ಹೊಸಬರೇ ಹೆಚ್ಚು ಸೋಲುತ್ತಾರೆ. ಯಾರ ಪಾಲು ಎಷ್ಟು ಎಂಬುದು ಮೊದಲು ಏನು ಮಾತಾಗಿತ್ತು ಎಂಬುದರ ಮೇಲೆ ನಿಂತಿದೆ, ಎಲ್ಲ ಸಂದರ್ಭಕ್ಕೂ ಒಂದೇ ಉತ್ತರ ಕೊಡಲಾಗದು. ಆದರೆ ಅರ್ಧ ದುಡ್ಡು ಮುಂಗಡ, ಎರಡು ಸಲ ತಿದ್ದುಪಡಿ ಉಚಿತ, ಆಮೇಲೆ ಪ್ರತಿ ಸಲಕ್ಕೂ ಇಷ್ಟು ಎಂದು ಮೊದಲ ದಿನವೇ ಮೆಸೇಜ್ ಹಾಕಿದವರಿಗೆ ಜಗಳ ಕಡಿಮೆ. ಪ್ರೂಫನ್ನು ಕಾಗದದ ಮೇಲೆ ತೆಗೆದು ಮನೆಯ ಹಿರಿಯರೊಬ್ಬರ ಕೈಗೆ ಕೊಡಿ. ಮದುಮಗ ಫೋನಿನಲ್ಲಿ ನೋಡಿ ಹೆಬ್ಬೆರಳು ಕಳಿಸುತ್ತಾನೆ, ಅಜ್ಜ ಮಾತ್ರ ಮನೆದೇವರ ಹೆಸರಿನಿಂದ ಹಿಡಿದು ಪ್ರತಿ ಹೆಸರಿನ ಮೇಲೂ ಬೆರಳಿಟ್ಟು ಓದುತ್ತಾನೆ. ಮನೆತನದ ಹೆಸರನ್ನು ಅವರು ಹೇಗೆ ಬರೆಯುತ್ತಾರೋ ಹಾಗೆಯೇ ಇರಲಿ, ನಿಮ್ಮ ವ್ಯಾಕರಣ ಅಲ್ಲಿ ಬೇಡ. ನೀವು ನೋಡಬೇಕಾದ್ದು ತಾರೀಖಿಗೆ ವಾರ ಹೊಂದುತ್ತದೆಯೇ, ಮುಹೂರ್ತದ ಸಮಯ ಬೆಳಗಿನದೋ ರಾತ್ರಿಯದೋ ಎಂದು ಸ್ಪಷ್ಟವಿದೆಯೇ, ಕಲ್ಯಾಣಮಂಟಪದ ಊರು ಇದೆಯೇ ಎಂಬುದು. ಕಾರ್ಡಿನಲ್ಲಿರುವ ಮೊಬೈಲ್ ನಂಬರಿಗೆ ಪ್ರೂಫ್ ನೋಡಿಕೊಂಡೇ ಒಂದು ಕರೆ ಮಾಡಿ. ಎಲ್ಲ ಮುಗಿದಮೇಲೆ “ಪ್ರೂಫ್ ಸರಿ ಇದೆ, ಅಚ್ಚು ಹಾಕಿ” ಎಂದು ಅವರಿಂದ ಬರೆಸಿಕೊಳ್ಳಿ.

ಈಗಷ್ಟೇ ಶುರುಮಾಡುವವರು ಮೊದಲ ವಾರ ಒಂದು ಹಾಳೆ ತಯಾರಿಸಿ. ಲಕ್ಷ್ಮೀ, ರಾಷ್ಟ್ರ, ಸ್ತ್ರೀ, ಧರ್ಮ, ಗವಿಸಿದ್ಧೇಶ್ವರ, ವಿಶ್ವೇಶ್ವರಯ್ಯ, ಮೃತ್ಯುಂಜಯ, ಕೃಷ್ಣ, ಜ್ಞಾನ, ಧನ, ಫಲ, ಢಣಾಪುರ, ಫೇಸ್‌ಬುಕ್, ರ‍್ಯಾಲಿ. ನೀವು ಬಳಸುವ ಪ್ರತಿ ಫಾಂಟಿನಲ್ಲೂ ಇವನ್ನು 8, 10, 12 ಪಾಯಿಂಟಿನಲ್ಲಿ ಕೂರಿಸಿ, ಕರ್ವ್ಸ್ ಮಾಡಿ, ಪಿಡಿಎಫ್ ತೆಗೆದು ನೀವು ಕೆಲಸ ಕೊಡಲಿರುವ ಪ್ರೆಸ್ಸಿಗೆ ಒಯ್ಯಿರಿ. ಅಲ್ಲಿನ ಡಿಟಿಪಿ ಅಕ್ಕನಿಗೋ ಅಣ್ಣನಿಗೋ ಚಹಾ ಹೇಳಿ, ಅವರ ಯಂತ್ರದಲ್ಲಿ ಒಂದು ಪ್ರಿಂಟ್ ತೆಗೆಸಿ. ಎಂಟು ಪಾಯಿಂಟಿನಲ್ಲಿ ‘ಧ’ದ ಸೀಳು ಯಾವ ಫಾಂಟಿನಲ್ಲಿ ಉಳಿದಿದೆ, ಯಾವುದರಲ್ಲಿ ಮುಚ್ಚಿಹೋಗಿದೆ ಎಂದು ಕೆಂಪು ಪೆನ್ನಿನಿಂದ ಗುರುತು ಹಾಕಿ. ಆ ಹಾಳೆ ಕಂಪ್ಯೂಟರಿನ ಪಕ್ಕದ ಗೋಡೆಗೆ ಅಂಟಿರಲಿ.