ಕೆಲಸ ಹೋದ ಮೇಲೆ ಅವಕಾಶವನ್ನು ಎಲ್ಲಿ ಹುಡುಕಬೇಕು?

ಪ್ರಶ್ನೆ: ಹಲವು ವರ್ಷ ಒಂದು ಸಣ್ಣ ಕಾರ್ಖಾನೆಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದೆ. ಈಗ ಕಾರ್ಖಾನೆ ಮುಚ್ಚಿದೆ. ‘ಹಿನ್ನಡೆಯಲ್ಲೇ ಅವಕಾಶ ಇರುತ್ತದೆ’ ಎಂದು ಎಲ್ಲರೂ ಸಮಾಧಾನ ಹೇಳುತ್ತಾರೆ. ನನಗೆ ಮಾತ್ರ ಅದು ಕಾಣುತ್ತಿಲ್ಲ. ಎಲ್ಲಿ ನೋಡಬೇಕು?

ಉತ್ತರ: ಕಾಣದಿರುವುದು ನಿಮ್ಮ ದೋಷವಲ್ಲ. ಕೆಲಸ ಹೋದದ್ದು ನಷ್ಟವೇ ಹೌದು. ಅದನ್ನು ಅವಕಾಶವೆಂದು ಕರೆದ ಮಾತ್ರಕ್ಕೆ ತಿಂಗಳ ಬಾಡಿಗೆ ಕಟ್ಟಲಾಗುವುದಿಲ್ಲ. ಆದರೆ ಕಾರ್ಖಾನೆಯೊಂದಿಗೆ ಹೋದದ್ದೇನು, ನಿಮ್ಮ ಕೈಯಲ್ಲೇ ಉಳಿದದ್ದೇನು ಎಂಬುದನ್ನು ಬಿಡಿಸಿ ಬರೆದುಕೊಳ್ಳುವುದು ಮೊದಲ ಕೆಲಸವೆಂದು ನಾನು ದೃಢವಾಗಿ ನಂಬುತ್ತೇನೆ.

ಬೆಂಗಳೂರಿನ ಮಾವಳ್ಳಿ ಟಿಫಿನ್ ರೂಮ್, ಅಂದರೆ ನಮ್ಮೆಲ್ಲರ ಎಂಟಿಆರ್, ಇದಕ್ಕೆ ಒಳ್ಳೆಯ ನಿದರ್ಶನ. 1924ರಲ್ಲಿ ಆರಂಭವಾದ ಈ ಹೋಟೆಲು ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿಯ ಅಭಾವ ತಲೆದೋರಿದಾಗ ರವೆಯಿಂದ ಇಡ್ಲಿ ಮಾಡಲು ತೊಡಗಿತು ಎಂಬುದು ಬಹಳ ಮಂದಿಗೆ ಗೊತ್ತು. ಅದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ತುರ್ತು ಪರಿಸ್ಥಿತಿಯಲ್ಲಿ. ಸರ್ಕಾರ ತಿಂಡಿ ಊಟಗಳ ದರವನ್ನು ಕಡಿಮೆ ಮಟ್ಟಕ್ಕೆ ಕಟ್ಟಿಹಾಕಿದ್ದರಿಂದ, ಗುಣಮಟ್ಟ ತಗ್ಗಿಸದೆ ಹೋಟೆಲು ನಡೆಸುವುದು ಅಸಾಧ್ಯವಾಗಿ ಬಾಗಿಲು ಹಾಕಬೇಕಾಯಿತು. ಆಗ ಹೋದದ್ದು ಊಟದ ಹಜಾರದ ವ್ಯಾಪಾರ. ಉಳಿದದ್ದು ಸಾಂಬಾರು ಪುಡಿಗೆ ಕೊತ್ತಂಬರಿ, ಮೆಣಸಿನಕಾಯಿ, ಮೆಂತ್ಯಗಳನ್ನು ಯಾವ ಪ್ರಮಾಣದಲ್ಲಿ, ಯಾವ ಹದಕ್ಕೆ ಹುರಿಯಬೇಕೆಂಬ ತಿಳಿವಳಿಕೆ, ಅದನ್ನು ಬಲ್ಲ ಕೆಲಸಗಾರರು ಮತ್ತು ಆ ರುಚಿಯನ್ನು ನಂಬಿದ್ದ ಗಿರಾಕಿಗಳು. ಮಸಾಲೆ ಪುಡಿಗಳೂ ದಿಢೀರ್ ತಿಂಡಿ ಮಿಶ್ರಣಗಳೂ ಪೊಟ್ಟಣಗಳಲ್ಲಿ ಮಾರಾಟಕ್ಕೆ ಬಂದದ್ದು ಹಾಗೆ. ಹೋಟೆಲು ಮುಂದೆ ಮತ್ತೆ ತೆರೆಯಿತು. ಪೊಟ್ಟಣದ ಉದ್ಯಮ ಎಷ್ಟು ಬೆಳೆಯಿತೆಂದರೆ 2007ರಲ್ಲಿ ನಾರ್ವೆಯ ಓರ್ಕ್ಲಾ ಸಂಸ್ಥೆ ಅದನ್ನು ಕೊಂಡುಕೊಂಡಿತು. ಅರ್ಧ ಶತಮಾನದಲ್ಲಿ ಗಳಿಸಿದ ಹೆಸರು ಅವರ ಬೆನ್ನಿಗಿತ್ತು, ನಿಜ. ನಿಮಗೆ ಅಂಥ ಹೆಸರಿಲ್ಲ. ಆದರೂ ಲೆಕ್ಕ ಹಾಕುವ ಕ್ರಮ ಇಬ್ಬರಿಗೂ ಒಂದೇ.

ನಿಮ್ಮ ವಿಷಯದಲ್ಲಿ ಉಳಿದಿರುವುದು ಬಿಲ್ಲುಗಳನ್ನು ಓದಿ, ವಿಂಗಡಿಸಿ, ತಾಳೆ ನೋಡುವ ಅಭ್ಯಾಸ. ಇದು ಯಾರಿಗೆ ಬೇಕಾಗಿದೆ ಎಂದು ತಿಳಿಯಲು ನಿಮ್ಮ ಬೀದಿಯನ್ನೇ ನೋಡಿ. 2025ರ ಜುಲೈನಲ್ಲಿ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ಅವರ ಯುಪಿಐ ಜಮೆಗಳ ಆಧಾರದ ಮೇಲೆ ವಾಣಿಜ್ಯ ತೆರಿಗೆ ಇಲಾಖೆಯಿಂದ ನೋಟಿಸುಗಳು ಬಂದವು; ಗಾಬರಿಗೊಂಡ ಎಷ್ಟೋ ಅಂಗಡಿಗಳವರು ಕ್ಯೂಆರ್ ಫಲಕವನ್ನೇ ತೆಗೆದು ‘ನಗದು ಮಾತ್ರ’ ಎಂದು ಬರೆದರು. ಅವರಲ್ಲಿ ಹಲವರ ತೊಂದರೆಯ ಮೂಲ ಲೆಕ್ಕ ಇಡದಿದ್ದುದರಲ್ಲಿತ್ತು. ಗಲ್ಲಾಪೆಟ್ಟಿಗೆಯ ಪಕ್ಕದ ಮೊಳೆಗೆ ಸಗಟು ವ್ಯಾಪಾರಿಯ ಚೀಟಿಗಳನ್ನು ಚುಚ್ಚಿಟ್ಟು, ಮನೆಯವರ ಹಣ, ಅಂಗಡಿಯ ಹಣ ಎರಡನ್ನೂ ಒಂದೇ ಖಾತೆಗೆ ಹಾಕಿಕೊಂಡವರು, ವಹಿವಾಟಿನಲ್ಲಿ ತೆರಿಗೆಯಿಲ್ಲದ ಹಾಲು, ತರಕಾರಿ ಎಷ್ಟು, ತೆರಿಗೆಯಿರುವ ಬಿಸ್ಕತ್ತು, ಸಿಗರೇಟು ಎಷ್ಟು ಎಂದು ಹೇಗೆ ತೋರಿಸಿಯಾರು? ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆ ಒದಗಿಸುವವರಿಗೆ 20 ಲಕ್ಷ ರೂಪಾಯಿ ವಹಿವಾಟು ದಾಟಿದರೆ ಜಿಎಸ್‌ಟಿ ನೋಂದಣಿ ಬೇಕೆಂಬುದೂ, ಒಂದೂವರೆ ಕೋಟಿಯೊಳಗಿನ ವ್ಯಾಪಾರಿಗಳಿಗೆ ವಹಿವಾಟಿನ ಶೇ 1ರಷ್ಟನ್ನು ಮಾತ್ರ ತೆರಿಗೆಯಾಗಿ ಕಟ್ಟುವ ರಾಜಿ ತೆರಿಗೆ (ಕಾಂಪೊಸಿಷನ್) ಪದ್ಧತಿ ಇದೆಯೆಂಬುದೂ ಅನೇಕರಿಗೆ ಆಗಲೇ ತಿಳಿದದ್ದು. ಕಾರ್ಖಾನೆಯಲ್ಲಿ ನೀವು ದಿನವೂ ಮಾಡುತ್ತಿದ್ದ ಕೆಲಸ ಈ ಅಂಗಡಿಯವರಿಗೆ ತಿಂಗಳಿಗೆ ಕೆಲವು ಗಂಟೆ ಸಾಕು, ಆದರೆ ಬೇಕೇ ಬೇಕು. ಇಂಥ ಕೆಲವು ಅಂಗಡಿಗಳ ಲೆಕ್ಕ ಸೇರಿದರೆ ಒಂದು ಜೀವನೋಪಾಯದ ಆರಂಭವಾಗುತ್ತದೆ.

ಇಲ್ಲಿ ಮಿತಿಯೂ ಇದೆ. ಲೆಕ್ಕಪರಿಶೋಧನೆಗೆ ಸಹಿ ಹಾಕುವುದು ಚಾರ್ಟರ್ಡ್ ಅಕೌಂಟೆಂಟರ ಕೆಲಸ; ಅಂಥ ಪ್ರಸಂಗ ಬಂದಾಗ ಅವರಲ್ಲಿಗೆ ಕಳುಹಿಸಿ. ಬಿ.ಕಾಂ. ಪದವಿಯಿದ್ದರೆ ನಿಗದಿತ ಪರೀಕ್ಷೆ ಬರೆದು ಜಿಎಸ್‌ಟಿ ಪ್ರಾಕ್ಟಿಷನರ್, ಅಂದರೆ ವ್ಯಾಪಾರಿಗಳ ಪರವಾಗಿ ಜಿಎಸ್‌ಟಿ ವಿವರ ಸಲ್ಲಿಸುವ ಅಧಿಕೃತ ವ್ಯಕ್ತಿ, ಆಗಲು ಸಾಧ್ಯವಿದೆ, ಅದರತ್ತ ಗಮನ ಕೊಡಿ.

ಲೆಕ್ಕದ ಕೆಲಸವೇ ಬೇಡವೆನಿಸಿದ್ದರೆ ಹೊಸ ಕಸುಬು ಕಲಿಯಲು ಹಣ ಸುರಿಯಬೇಕಾಗಿಲ್ಲ. 1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆಯ ಮಾದರಿಯಲ್ಲಿ ಜಿಲ್ಲೆಗಳಲ್ಲಿ ಬ್ಯಾಂಕುಗಳು ನಡೆಸುವ ತರಬೇತಿ ಕೇಂದ್ರಗಳಿವೆ. ಗ್ರಾಮೀಣ ಯುವಜನರಿಗೆಂದೇ ರೂಪಿಸಿದ ಅಲ್ಲಿನ ತರಬೇತಿ ಊಟ ವಸತಿಗಳೊಂದಿಗೆ ಉಚಿತ. ವಯೋಮಿತಿ ಮತ್ತು ಅರ್ಹತೆಯನ್ನು ಮೊದಲೇ ವಿಚಾರಿಸಿಕೊಳ್ಳಿ.

ಭವಿಷ್ಯನಿಧಿಯನ್ನೋ ಮನೆಯ ಚಿನ್ನವನ್ನೋ ಮೊದಲ ತಿಂಗಳಲ್ಲೇ ಬಂಡವಾಳವಾಗಿ ಹೂಡಬೇಡಿ, ಬೇರೆ ನೌಕರಿಗೆ ಅರ್ಜಿ ಹಾಕುವುದನ್ನೂ ನಿಲ್ಲಿಸಬೇಡಿ. ಪರಿಚಯದ ಒಬ್ಬ ಅಂಗಡಿಯವರ ಮೂರು ತಿಂಗಳ ಚೀಟಿಗಳನ್ನು ಕೇಳಿ ಪಡೆದು, ಅಚ್ಚುಕಟ್ಟಾಗಿ ಜೋಡಿಸಿ, ಏನು ಸರಿಯಿದೆ, ಏನು ಸರಿಯಿಲ್ಲ ಎಂದು ಒಂದು ಹಾಳೆಯಲ್ಲಿ ಬರೆದುಕೊಡಿ. ಪರಿಚಯದವರೆಂಬ ಸಂಕೋಚದಿಂದ ಹಣದ ಮಾತನ್ನು ಮುಂದೂಡದೆ, ಮುಂದಿನ ತಿಂಗಳಿಂದ ಎಷ್ಟು ಕೊಡಬೇಕೆಂಬುದನ್ನೂ ಅದೇ ಹಾಳೆಯ ಕೆಳಗೆ ನಮೂದಿಸಿ.