ಬಿಳಿ ಸೇವಂತಿಗೆಯೊಳಗೆ ಅಡಗಿದ್ದ ಹಳದಿ

ಒಂದು ಪಾತಿಯ ತುಂಬ ಬಿಳಿ ಸೇವಂತಿಗೆ ಅರಳಿದೆ ಅಂದುಕೊಳ್ಳಿ. ಎಲ್ಲ ಗಿಡಗಳೂ ಒಂದೇ ತಳಿ, ಒಂದೇ ಎತ್ತರ, ಒಂದೇ ವಾರದಲ್ಲಿ ಬಿರಿದ ಮೊಗ್ಗು. ನಡುವಿನ ಒಂದು ಗಿಡದ ಒಂದೇ ಒಂದು ರೆಂಬೆಯಲ್ಲಿ ಮಾತ್ರ ಹೂವು ಹಳದಿ. ಪಕ್ಕದ ರೆಂಬೆಯಲ್ಲಿ ಹಾಲಿನಂಥ ಬಿಳಿ, ಇದರಲ್ಲಿ ನಿಂಬೆಹಣ್ಣಿನ ಬಣ್ಣ. ಬೇರೆ ಗಿಡ ಬೆರೆತಿರಬೇಕು ಅಂತ ಎಲೆಗಳನ್ನು ಸರಿಸಿ, ರೆಂಬೆಯ ಜಾಡು ಹಿಡಿದು ಬುಡದವರೆಗೆ ಬೆರಳು ಇಳಿಸಿದರೆ, ಎರಡೂ ಸೇರುವುದು ಅದೇ ಕಾಂಡಕ್ಕೆ. ಕುಡಿಯುವ ನೀರು ಒಂದೇ, ಬೇರು ಒಂದೇ. ಯಾರೂ ಕಸಿ ಮಾಡಿಲ್ಲ. ಯಾರೂ ಪರಾಗ ತಂದು ಸವರಿಲ್ಲ.

ಹೂ ಬೆಳೆಯುವವರು ಇದನ್ನು 'ಸ್ಪೋರ್ಟ್' ಎನ್ನುತ್ತಾರೆ. ಆಟಕ್ಕೂ ಇದಕ್ಕೂ ಸಂಬಂಧವಿಲ್ಲ. ಗಿಡದ ಒಂದು ಭಾಗ ಇದ್ದಕ್ಕಿದ್ದಂತೆ ಉಳಿದ ಭಾಗಕ್ಕಿಂತ ಬೇರೆಯಾಗಿ ಬೆಳೆದರೆ ಅದಕ್ಕಿಟ್ಟ ಹಳೆಯ ಹೆಸರು ಅದು. ಸೇವಂತಿಗೆ ಹೀಗೆ ಮತ್ತೆ ಮತ್ತೆ ಬಣ್ಣ ಬದಲಿಸುತ್ತದೆ ಎಂದು ಚಾರ್ಲ್ಸ್ ಡಾರ್ವಿನ್ 1868ರಲ್ಲೇ ಬರೆದಿದ್ದ. ಏಕೆ ಹೀಗಾಗುತ್ತದೆ ಎಂದು ಹೇಳಲು ಆಗ ಯಾರ ಬಳಿಯೂ ದಾರಿ ಇರಲಿಲ್ಲ. ಇಂದು ಇದೆ. ಅದು ನಾವು ಊಹಿಸುವುದಕ್ಕೆ ಹೆಚ್ಚುಕಡಿಮೆ ತಲೆಕೆಳಗಾಗಿದೆ.

ಬಿಳಿ ಹೂವು ಹಳದಿಯಾಯಿತು ಎಂದರೆ ನಮಗೆ ಏನನ್ನಿಸುತ್ತದೆ? ಗಿಡಕ್ಕೆ ಹೊಸದೇನೋ ಬಂತು, ಇಲ್ಲದ ಬಣ್ಣವೊಂದು ಹುಟ್ಟಿತು ಅಂತ ಅಲ್ವಾ? ಸೇವಂತಿಗೆಯಲ್ಲಿ ಆಗುವುದು ಬೇರೆ. ಹಳದಿ ಬಣ್ಣ ಕೊಡುವ ವಸ್ತುಗಳ ಹೆಸರು ಕ್ಯಾರೊಟಿನಾಯ್ಡ್. ಕ್ಯಾರೆಟ್ಟಿಗೆ, ಚೆಂಡುಹೂವಿಗೆ, ಮೆಕ್ಕೆಜೋಳದ ಹಳದಿ ಕಾಳಿಗೆ ಬಣ್ಣ ಕೊಡುವುದೂ ಇದೇ ಗುಂಪು. ಬಿಳಿ ಸೇವಂತಿಗೆಯ ಎಸಳು ಕೂಡ ಈ ಹಳದಿಯನ್ನು ತಯಾರಿಸುತ್ತದೆ. ಆದರೆ ಎಸಳಿನಲ್ಲಿ ಇನ್ನೊಂದು ಕೆಲಸವೂ ಜೊತೆಜೊತೆಗೆ ನಡೆಯುತ್ತಿರುತ್ತದೆ. ಒಂದು ಕಿಣ್ವ, ಅಂದರೆ ಜೀವಕೋಶದ ಒಂದು ಕೆಲಸಗಾರ ಪ್ರೋಟೀನು, ಆ ಹಳದಿಯನ್ನು ಆಗಾಗಲೇ ಕತ್ತರಿಸಿ ಬಣ್ಣವಿಲ್ಲದ ಚೂರು ಮಾಡಿಬಿಡುತ್ತದೆ. ತಯಾರಾದದ್ದು ಉಳಿಯುವುದೇ ಇಲ್ಲ. ಹಾಗಾಗಿ ಹೂವು ಬಿಳಿ.

ಜಪಾನಿನ ತ್ಸುಕುಬಾದಲ್ಲಿ ವಿಜ್ಞಾನಿ ಅಕೆಮಿ ಓಮಿಯಾ ಮತ್ತು ಸಂಗಡಿಗರು 2006ರಲ್ಲಿ ಇದನ್ನು ತೋರಿಸಿದರು. ಕತ್ತರಿಸುವ ಕಿಣ್ವದ ಜೀನಿಗೆ ಸಿಎಂ-ಸಿಸಿಡಿ4ಎ ಎಂದು ಹೆಸರು. ಬಿಳಿ ತಳಿಗಳ ಎಸಳಿನಲ್ಲಿ ಈ ಜೀನು ಜೋರಾಗಿ ಕೆಲಸ ಮಾಡುತ್ತಿತ್ತು, ಹಳದಿ ತಳಿಗಳ ಎಸಳಿನಲ್ಲಿ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಅಷ್ಟಕ್ಕೇ ನಿಲ್ಲದೆ ಅವರು ಬಿಳಿ ತಳಿಯೊಂದರಲ್ಲಿ ಈ ಜೀನಿನ ಬಾಯಿ ಕಟ್ಟಿದರು. ಹೂವು ಹಳದಿಯಾಗಿ ಅರಳಿತು. ನನಗೆ ಈ ಪ್ರಯೋಗ ಬಹಳ ಇಷ್ಟ. ಹಳದಿಯನ್ನು ಯಾರೂ ಹೊರಗಿನಿಂದ ತಂದು ಹಾಕಲಿಲ್ಲ. ಅಳಿಸುವವನನ್ನು ತಡೆದರು, ಅಷ್ಟೇ. ಒಳಗಿದ್ದದ್ದು ಕಾಣಿಸಿಕೊಂಡಿತು.

ನಮ್ಮ ಪಾತಿಯ ರೆಂಬೆಯಲ್ಲಿ ಆದದ್ದೂ ಇದೇ ಬಗೆಯದು. ಕುಡಿಯ ತುದಿಯಲ್ಲಿ ಜೀವಕೋಶಗಳು ಒಡೆದು ಎರಡಾಗುತ್ತಲೇ ಇರುತ್ತವೆ. ಪ್ರತಿ ಸಲವೂ ಇಡೀ ಡಿಎನ್‌ಎ ನಕಲಾಗಬೇಕು. ಎಲ್ಲೋ ಒಮ್ಮೆ ನಕಲು ತಪ್ಪುತ್ತದೆ. ಒಂದು ಅಕ್ಷರ ಬದಲಾಗಬಹುದು, ಒಂದು ತುಂಡು ಬಿಟ್ಟುಹೋಗಬಹುದು. ಸೇವಂತಿಗೆಯಲ್ಲಿ ಇಡೀ ಒಂದು ಕ್ರೋಮೋಸೋಮೇ, ಅಂದರೆ ಜೀನುಗಳನ್ನು ಹೊತ್ತ ಡಿಎನ್‌ಎ ಎಳೆಯೇ, ಕಳೆದುಹೋಗುವುದೂ ಉಂಟು. ಬೇರೆ ಎಷ್ಟೋ ಜೀವಿಗಳಿಗೆ ಅದು ಪ್ರಾಣಕ್ಕೇ ಕುತ್ತು. ತೋಟದ ಸೇವಂತಿಗೆಗೆ ತಡೆದುಕೊಳ್ಳುವ ಶಕ್ತಿ ಇದೆ, ಏಕೆಂದರೆ ಹೆಚ್ಚಿನ ತಳಿಗಳಲ್ಲಿ ಒಂಬತ್ತು ಕ್ರೋಮೋಸೋಮುಗಳ ಆರು ಸೆಟ್ಟು, ಒಟ್ಟು 54 ಇರುತ್ತವೆ. ಒಂದು ಹೋದರೂ ಉಳಿದವು ಸಂಸಾರ ತೂಗಿಸುತ್ತವೆ. ಆದರೆ ಹೋದದ್ದರಲ್ಲೇ ಹಳದಿ ಅಳಿಸುವ ಜೀನು ಇದ್ದು, ಕೆಲಸ ಮಾಡುವ ಇನ್ನೊಂದು ಪ್ರತಿ ಬೇರೆಲ್ಲೂ ಇಲ್ಲದಿದ್ದರೆ, ಆ ಜೀವಕೋಶದಿಂದ ಹುಟ್ಟುವ ಎಸಳುಗಳೆಲ್ಲ ಹಳದಿ.

ಗುಲಾಬಿ ಬಣ್ಣದ ತಳಿಗಳಲ್ಲಂತೂ ಈ ಲೆಕ್ಕ ಇನ್ನೂ ಚೆನ್ನಾಗಿ ಕಾಣುತ್ತದೆ. ಗುಲಾಬಿ, ಕೆಂಪು, ನೇರಳೆಗೆ ಕಾರಣ ಆಂಥೋಸಯನಿನ್ ಎಂಬ ಬೇರೆ ವಸ್ತು. ಎಸಳಿನಲ್ಲಿ ಅದೂ ಇದ್ದು ಹಳದಿಯೂ ಉಳಿದರೆ ಕಂಚಿನ ಬಣ್ಣ ಬರುತ್ತದೆ. ಈಗ ಕಳೆಯುತ್ತಾ ಹೋಗಿ. ಗುಲಾಬಿ ಬಣ್ಣದ ಸೇವಂತಿಗೆ ಆಂಥೋಸಯನಿನ್ ಕಳೆದುಕೊಂಡರೆ ಬಿಳಿ. ಗುಲಾಬಿಯು ಹಳದಿ ಅಳಿಸುವ ಕಿಣ್ವ ಕಳೆದುಕೊಂಡರೆ ಕಂಚು. ಎರಡನ್ನೂ ಕಳೆದುಕೊಂಡರೆ ಹಳದಿ. ಒಂದು ಗುಲಾಬಿ ತಳಿಯಿಂದ ಹೀಗೆ ಬಣ್ಣಬಣ್ಣದ ಒಂದು ಕುಟುಂಬವೇ ಹುಟ್ಟುತ್ತದೆ. ಹಿಂದಕ್ಕೆ ಬರುವುದು, ಅಂದರೆ ಹಳದಿಯಿಂದ ಬಿಳಿಯಾಗುವುದು, ತೀರಾ ಅಪರೂಪ. ಕೆಡಿಸುವುದು ಸುಲಭ, ಕೆಟ್ಟದ್ದು ತಾನಾಗಿ ರಿಪೇರಿಯಾಗುವುದು ಕಷ್ಟ.

ಹಾಗಾಗಿಯೇ ನೀಲಿ ಸೇವಂತಿಗೆಯನ್ನು ಈ ದಾರಿಯಲ್ಲಿ ಕಾಯುತ್ತಾ ಕೂತರೆ ಪ್ರಯೋಜನವಿಲ್ಲ. ನೀಲಿಗೆ ಬೇಕಾದ ಸಲಕರಣೆಯೇ ಈ ಗಿಡದಲ್ಲಿಲ್ಲ. ಇಲ್ಲದ್ದನ್ನು ಕಳೆಯುವುದು ಹೇಗೆ? 2017ರಲ್ಲಿ ಜಪಾನಿನ ವಿಜ್ಞಾನಿಗಳು ನಿಜವಾದ ನೀಲಿ ಸೇವಂತಿಗೆಯನ್ನು ಅರಳಿಸಿದರು. ಅದಕ್ಕೆ ಹೊರಗಿನ ಎರಡು ಜೀನುಗಳು ಬೇಕಾದವು. ಅದರಲ್ಲಿ ಒಂದು ಬಂದದ್ದು ಬೇಲಿಯ ಮೇಲೆ ಹಬ್ಬುವ ಶಂಖಪುಷ್ಪದಿಂದ.

ಇನ್ನು, ಒಂದೇ ಒಂದು ಜೀವಕೋಶದ ತಪ್ಪು ಒಂದು ತಳಿಯಾಗುವುದು ಹೇಗೆ? ಇಲ್ಲಿ ಸೇವಂತಿಗೆಯನ್ನು ಬೆಳೆಸುವ ಕ್ರಮವೇ ಸಹಾಯಕ್ಕೆ ಬರುತ್ತದೆ. ಬೀಜ ಹಾಕಿದರೆ ತಾಯಿಯಂಥ ಗಿಡ ಬರುವುದಿಲ್ಲ. ಸಾಮಾನ್ಯವಾಗಿ ಈ ಗಿಡ ತನ್ನ ಪರಾಗವನ್ನು ತಾನೇ ಒಪ್ಪುವುದಿಲ್ಲ. ಬೇರೆ ಗಿಡದ ಪರಾಗದಿಂದ ಆದ ಬೀಜಗಳಲ್ಲಿ ಒಂದೊಂದೂ ಒಂದೊಂದು ಥರ. ಆದ್ದರಿಂದ ಕುಡಿ ಚಿವುಟಿ ನೆಡುತ್ತಾರೆ, ಇಲ್ಲವೇ ಬುಡದಲ್ಲಿ ಎದ್ದ ಮರಿಗಳನ್ನು ಬಿಡಿಸುತ್ತಾರೆ. ಅಂದರೆ ಒಂದು ತಳಿಯ ಲಕ್ಷಾಂತರ ಗಿಡಗಳು ನಿಜಕ್ಕೂ ಒಂದೇ ಗಿಡದ ತುಂಡುಗಳು. ಅಷ್ಟೊಂದು ಕುಡಿಗಳು ಬೆಳೆಯುತ್ತಿರುವಾಗ ಎಲ್ಲೋ ಒಂದರಲ್ಲಿ ತಪ್ಪಾಗುವುದು ದೊಡ್ಡ ವಿಷಯವಲ್ಲ. ಕಣ್ಣಿಗೆ ಬೀಳುವುದು ದೊಡ್ಡ ವಿಷಯ. ಎಲೆಯ ರಸಾಯನದಲ್ಲೋ ಬೇರಿನಲ್ಲೋ ಆದ ಬದಲಾವಣೆ ಯಾರಿಗೂ ಕಾಣುವುದಿಲ್ಲ. ಬಣ್ಣ ಮಾತ್ರ ದೂರದಿಂದಲೇ ಕೂಗಿ ಕರೆಯುತ್ತದೆ. ಆದರೂ ಕುಯ್ಲಿನ ಗಡಿಬಿಡಿಯಲ್ಲಿ ಅಂಥ ರೆಂಬೆಯನ್ನು ಸುಮ್ನೆ ಕಿತ್ತು ಎಸೆಯುವವರೇ ಜಾಸ್ತಿ. ನಿಂತು ನೋಡಿದವರಿಂದಲೇ ಎಷ್ಟೋ ತಳಿಗಳು ಉಳಿದಿವೆ.

ನೋಡಿದ ಮೇಲೂ ಕೆಲಸ ಬಾಕಿ ಇದೆ. ಬಣ್ಣ ಬದಲಾದದ್ದೆಲ್ಲ ಸ್ಪೋರ್ಟ್ ಅಲ್ಲ. ಬಿಸಿಲು ಜಾಸ್ತಿಯಾದರೆ ಗುಲಾಬಿ ಬಣ್ಣದ ಸೇವಂತಿಗೆ ಪೇಲವವಾಗುತ್ತದೆ. ಚಳಿಗೆ ಕೆಲವು ಬಿಳಿ ಹೂವುಗಳ ಅಂಚು ಕೆಂಪಗಾಗುತ್ತದೆ. ಇವು ಹವೆಯ ಆಟ, ಮುಂದಿನ ಸಲ ಮಾಯ. ಪರೀಕ್ಷೆ ಒಂದೇ: ಆ ರೆಂಬೆಯ ಕುಡಿ ತೆಗೆದು ನೆಟ್ಟು, ಅದು ಹೂ ಬಿಟ್ಟ ಮೇಲೆ ಅದರ ಕುಡಿಯನ್ನು ಮತ್ತೆ ನೆಟ್ಟು, ಪ್ರತಿ ಸಲವೂ ಮೂಲ ತಳಿಯ ಪಕ್ಕದಲ್ಲೇ ಇಟ್ಟು ನೋಡುವುದು. ಲಂಡನ್ನಿನ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿಯ ಬಣ್ಣದ ಪಟ್ಟಿಗಳನ್ನು ಎಸಳಿನ ಪಕ್ಕ ಹಿಡಿದು ಸಂಖ್ಯೆ ಬರೆದುಕೊಳ್ಳುತ್ತಾರೆ. ತಳಿ ಎಂದು ನೋಂದಾಯಿಸಬೇಕಾದರೆ ಅದು ಬೇರೆಯದಕ್ಕಿಂತ ಭಿನ್ನವಾಗಿರಬೇಕು, ಗಿಡಗಳೆಲ್ಲ ಒಂದೇ ಥರ ಇರಬೇಕು, ತಲೆಮಾರು ಕಳೆದರೂ ಬದಲಾಗಬಾರದು. ಬಣ್ಣದ ಸ್ಪೋರ್ಟ್‌ಗೆ ಇದರಲ್ಲಿ ಒಂದು ದೊಡ್ಡ ಅನುಕೂಲವಿದೆ. ಎತ್ತರ, ಎಲೆ, ಅರಳಲು ಬೇಕಾದ ದಿನಗಳು ಬಹುಮಟ್ಟಿಗೆ ತಾಯಿಯವೇ. ಬೆಳೆಗಾರರು ಹೊಸದಾಗಿ ಏನೂ ಕಲಿಯಬೇಕಿಲ್ಲ. ಒಂದೇ ಪಾತಿಯಲ್ಲಿ, ಒಂದೇ ದಿನ, ಎರಡು ಬಣ್ಣ. ಆದರೆ ಬೇರೊಬ್ಬರು ಹಕ್ಕು ಪಡೆದ ತಳಿಯಲ್ಲಿ ಸ್ಪೋರ್ಟ್ ಸಿಕ್ಕರೆ ಅದು ಪೂರ್ತಿ ನಿಮ್ಮದಾಗುವುದಿಲ್ಲ. ಸಸ್ಯ ತಳಿಗಳ ಹಕ್ಕಿನ ಬಗ್ಗೆ 1991ರಲ್ಲಿ ತಿದ್ದಿದ ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ ಅಂಥದ್ದನ್ನು ಮೂಲ ತಳಿಯಿಂದಲೇ ಬಂದದ್ದು ಎಂದು ಪರಿಗಣಿಸಬಹುದು. ನನಗೆ ಅದು ಸರಿ ಎನಿಸುತ್ತದೆ. ಮೂಲ ತಳಿಯ ಹಿಂದೆ ವರ್ಷಗಟ್ಟಲೆ ದುಡಿದವರಿದ್ದಾರೆ.

ಕೆಲವು ಸ್ಪೋರ್ಟ್‌ಗಳು ಕೈಕೊಡುತ್ತವೆ. ಕುಡಿಯ ತುದಿ ಪದರ ಪದರವಾಗಿದೆ. ಹೊರಗಿನ ಪದರ ಎಸಳಿನ ಸಿಪ್ಪೆಯಾಗುತ್ತದೆ. ಅದರ ಕೆಳಗಿನದು ಒಳಭಾಗವಾಗುತ್ತದೆ, ಪರಾಗ ಮತ್ತು ಬೀಜ ಬರುವುದೂ ಅದರಿಂದಲೇ. ಜೀನು ಕೆಟ್ಟದ್ದು ಹೊರಪದರದಲ್ಲಿ ಮಾತ್ರವಾದರೆ ಹೂವು ನಸುಹಳದಿ, ಎರಡರಲ್ಲೂ ಆದರೆ ಗಾಢ ಹಳದಿ. ಹೊರಪದರದಲ್ಲಷ್ಟೇ ಇರುವ ಬಣ್ಣ ಬೀಜಕ್ಕೆ ದಾಟುವುದಿಲ್ಲ. ಒಳಗಿನ ಜೀವಕೋಶವೊಂದು ಹೊರಪದರಕ್ಕೆ ನುಗ್ಗಿದರೆ ಹಳೆಯ ಬಿಳಿ ಮತ್ತೆ ಇಣುಕುತ್ತದೆ.

ಇನ್ನೂ ಕಷ್ಟದ್ದು, ಇಡೀ ರೆಂಬೆಯ ಬದಲು ಒಂದೇ ಹೂವಿನ ಒಂದು ಹೋಳು ಮಾತ್ರ ಹಳದಿಯಾದಾಗ. ಹೂವಾದ ಕುಡಿ ಮುಂದೆ ಬೆಳೆಯುವುದಿಲ್ಲ. ಅದರ ಕೆಳಗಿನ ಎಲೆಕಂಕುಳಿನ ಮೊಗ್ಗುಗಳಲ್ಲೆಲ್ಲ ಹಳೆಯ ಬಿಳಿಯೇ. ಮೊದಲಾದರೆ ಆ ಹಳದಿ ಹೂವಿನ ಜೊತೆಗೇ ಬಾಡಿಹೋಗುತ್ತಿತ್ತು. ಈಗ ಅದನ್ನು ಉಳಿಸಿಕೊಳ್ಳಬಹುದು. ನಾವು ಒಂದು ಸೇವಂತಿಗೆ ಎನ್ನುವುದು ನೂರಾರು ಪುಟ್ಟ ಹೂವುಗಳ ಗೊಂಚಲು, ನಾವು ಎಸಳು ಎನ್ನುವುದೇ ಒಂದೊಂದು ಹೂವು. ಲಕ್ನೋದ ರಾಷ್ಟ್ರೀಯ ಸಸ್ಯವಿಜ್ಞಾನ ಸಂಶೋಧನಾ ಸಂಸ್ಥೆಯಲ್ಲಿ ವಿಜ್ಞಾನಿಗಳು ಇಂಥ ಎಸಳುಗಳಿಂದಲೇ ಗಿಡ ಎಬ್ಬಿಸುವ ಕೆಲಸ ಮಾಡಿದ್ದಾರೆ. ಬಣ್ಣ ತಿರುಗಿದ ಎಸಳನ್ನು ಬಿಡಿಸಿ, ಶುಚಿ ಮಾಡಿ, ಪೋಷಕಾಂಶ ಬೆರೆಸಿದ ಜೆಲ್ಲಿಯ ಮೇಲೆ ಇಡುತ್ತಾರೆ. ಕೆಲವು ವಾರಗಳಲ್ಲಿ ಎಸಳಿನ ಬುಡದ ಕಡೆ ಚುಕ್ಕಿ ಚುಕ್ಕಿಯಾಗಿ ಹಸಿರು ಮೂಡುತ್ತದೆ. ಚುಕ್ಕಿ ಚಿಗುರಾಗುತ್ತದೆ, ಚಿಗುರಿಗೆ ಬೇರು ಬರುತ್ತದೆ. ಅದನ್ನು ಕುಂಡಕ್ಕೆ ದಾಟಿಸಿ ಹೂ ಬಿಡುವವರೆಗೆ ಕಾದರೆ, ಆ ಒಂದು ಹೋಳಿನ ಬಣ್ಣ ಈಗ ಇಡೀ ಗಿಡದ್ದು.