ಹೋಟೆಲ್ ನೌಕರರು ವೃತ್ತಿ ಪ್ರಮಾಣಪತ್ರಕ್ಕೆ ಮುಂದಾಗುವುದೇಕೆ: ವ್ರೂಮ್ ಸೂತ್ರದ ಟಿಪ್ಪಣಿ

ಮೊದಲು ಕಡ್ಡಾಯ ಪ್ರಮಾಣಪತ್ರಗಳನ್ನು ಬದಿಗಿಡೋಣ. ಪರವಾನಗಿ ಪಡೆದ ಆಹಾರೋದ್ಯಮದಲ್ಲಿ ಪ್ರತಿ 25 ಆಹಾರ ನಿರ್ವಾಹಕರಿಗೆ ತರಬೇತಿ ಪಡೆದ ಒಬ್ಬ ಆಹಾರ ಸುರಕ್ಷತಾ ಮೇಲ್ವಿಚಾರಕರಿರಬೇಕು ಎಂದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಹೇಳುತ್ತದೆ. ಮಂಗಳೂರು, ಉಡುಪಿ ಕಡೆಯಿಂದ ಕ್ರೂಸ್ ಹಡಗಿನ ಕೆಲಸಕ್ಕೆ ಹೋಗುವವರು ಎಸ್‌ಟಿಸಿಡಬ್ಲ್ಯು (ಹಡಗು ಸಿಬ್ಬಂದಿಯ ತರಬೇತಿಗಿರುವ ಅಂತರರಾಷ್ಟ್ರೀಯ ಒಪ್ಪಂದ) ಸುರಕ್ಷತಾ ತರಬೇತಿಯನ್ನು ಮುಗಿಸಲೇಬೇಕು. ಇಂಥಲ್ಲಿ ಪ್ರೇರಣೆಯನ್ನು ಹುಡುಕುವ ಅಗತ್ಯ ಕಡಿಮೆ. ನಮ್ಮ ಪ್ರಶ್ನೆ ಇರುವುದು ಯಾರೂ ಕಡ್ಡಾಯ ಮಾಡದಿದ್ದರೂ ನೌಕರರು ತಾವಾಗಿ ಓದಿ ಪಡೆಯುವ ಪ್ರಮಾಣಪತ್ರಗಳ ಬಗ್ಗೆ. ಉದಾಹರಣೆಗೆ, ಅಮೆರಿಕನ್ ಹೋಟೆಲ್ ಅಂಡ್ ಲಾಡ್ಜಿಂಗ್ ಎಜುಕೇಷನಲ್ ಇನ್‌ಸ್ಟಿಟ್ಯೂಟ್ ಕೊಡುವ ಸಿಎಚ್‌ಎ (ಸರ್ಟಿಫೈಡ್ ಹೋಟೆಲ್ ಅಡ್ಮಿನಿಸ್ಟ್ರೇಟರ್), ವೈನ್ ಬಡಿಸುವವರು ಹಂತಹಂತವಾಗಿ ಬರೆಯುವ ಡಬ್ಲ್ಯುಎಸ್‌ಇಟಿ (ವೈನ್ ಅಂಡ್ ಸ್ಪಿರಿಟ್ ಎಜುಕೇಷನ್ ಟ್ರಸ್ಟ್) ಪರೀಕ್ಷೆಗಳು.

ಕೆಲಸದ ಪ್ರೇರಣೆಯನ್ನು ಅಧ್ಯಯನ ಮಾಡಿದ ಮನೋವಿಜ್ಞಾನಿ ಹರ್ಜ್‌ಬರ್ಗ್ (1959) ಪ್ರಕಾರ ಸಂಬಳವು ಅತೃಪ್ತಿಯನ್ನು ತಡೆಯುತ್ತದೆ, ಮನ್ನಣೆ ಮತ್ತು ಸಾಧನೆ ಹುರುಪು ತುಂಬುತ್ತವೆ. ಆದರೆ ಅವರು ಮಾತಾಡಿಸಿದ್ದು ಪಿಟ್ಸ್‌ಬರ್ಗ್ ಸುತ್ತಲಿನ ಎಂಜಿನಿಯರುಗಳನ್ನು ಮತ್ತು ಲೆಕ್ಕಿಗರನ್ನು. ಟಿಪ್ಸ್ ನೆಚ್ಚಿಕೊಂಡು ಬದುಕುವ ಸ್ಟೂವರ್ಡ್‌ಗೆ ಈ ವಿಂಗಡಣೆ ಹಾಗೆಯೇ ಒಪ್ಪುತ್ತದೆ ಎಂದು ನನಗನ್ನಿಸುವುದಿಲ್ಲ.

ಇನ್ನೊಬ್ಬ ಮನೋವಿಜ್ಞಾನಿ ವ್ರೂಮ್ (1964) ಅವರ ಸೂತ್ರ ಹೆಚ್ಚು ಉಪಯುಕ್ತ: ಪ್ರೇರಣೆ = ನಿರೀಕ್ಷೆ × ಸಾಧನತ್ವ × ಮೌಲ್ಯ. ಇದನ್ನು ನೆನಪಿಡಲು ನನ್ನ ಸುಲಭದಾರಿ, ಅದೇ ಕ್ರಮದಲ್ಲಿ ಮೂರು ಪ್ರಶ್ನೆಗಳು: ನನ್ನಿಂದ ಆಗುತ್ತದೆಯೇ? ಆದಮೇಲೆ ಏನಾದರೂ ಸಿಗುತ್ತದೆಯೇ? ಸಿಕ್ಕಿದ್ದು ನನಗೆ ಬೇಕೇ? ಇಷ್ಟರವರೆಗೆ ಸುಲಭ. ತೊಡಕಿರುವುದು ಪ್ರಮಾಣಪತ್ರವನ್ನು ಯಾವ ಮನೆಯಲ್ಲಿ ಕೂರಿಸಬೇಕು ಎಂಬಲ್ಲಿ. ಅದು ನೌಕರರಿಗೆ 'ಬೇಕಾದದ್ದು' ಆದ್ದರಿಂದ ಮೌಲ್ಯದ ಮನೆಗೆ ಸೇರಬೇಕು ಎಂದು ತೋರುತ್ತದೆ, ಆದರೆ ವ್ರೂಮ್ ಫಲಗಳನ್ನು ಎರಡು ಹಂತಗಳಲ್ಲಿ ಇಡುತ್ತಾರೆ. ತೇರ್ಗಡೆಯಾಗಿ ಪ್ರಮಾಣಪತ್ರ ಪಡೆಯುವುದು ಮೊದಲ ಹಂತದ ಫಲ. ಬಡ್ತಿ, ಬೇರೆಡೆ ಕೆಲಸ, ಸಹೋದ್ಯೋಗಿಗಳ ಗೌರವ ಎರಡನೆಯ ಹಂತದವು. ನಿರೀಕ್ಷೆ ಎಂದರೆ ಓದಿದರೆ ತೇರ್ಗಡೆಯಾಗುವೆನೆಂಬ ನಂಬಿಕೆ. ಸಾಧನತ್ವ ಎಂದರೆ ಆ ಪ್ರಮಾಣಪತ್ರ ಎರಡನೆಯ ಹಂತದ ಫಲಗಳಿಗೆ ಒಯ್ಯುತ್ತದೆಂಬ ನಂಬಿಕೆ. ಪ್ರಮಾಣಪತ್ರದ ಬೆಲೆ ಬಹುಪಾಲು ಆ ಫಲಗಳಿಂದ ಬರುವ ಎರವಲು ಬೆಲೆ. ಆದ್ದರಿಂದ ಪ್ರತಿ ಫಲಕ್ಕೂ ಸಾಧನತ್ವ ಮತ್ತು ಮೌಲ್ಯವನ್ನು ಗುಣಿಸಿ, ಎಲ್ಲವನ್ನೂ ಕೂಡಿ, ಬಂದ ಮೊತ್ತವನ್ನು ಕೊನೆಯಲ್ಲಿ ಒಮ್ಮೆ ಮಾತ್ರ ನಿರೀಕ್ಷೆಯಿಂದ ಗುಣಿಸಬೇಕು.

ಹೌಸ್‌ಕೀಪಿಂಗ್ ಸೂಪರ್‌ವೈಸರ್ ಒಬ್ಬರ ಲೆಕ್ಕವನ್ನು ಊಹಿಸಿಕೊಳ್ಳೋಣ, ಅಂಕಿಗಳು ಅಭ್ಯಾಸಕ್ಕಷ್ಟೇ. ಪ್ರತಿ ಗುಣಾಕಾರದಲ್ಲಿ ಮೊದಲನೆಯದು ಸಾಧನತ್ವ, ಎರಡನೆಯದು ಮೌಲ್ಯ. ಇದೇ ಹೋಟೆಲಿನಲ್ಲಿ ಬಡ್ತಿ: 0.1 × 0.9 = 0.09. ಬೇರೆ ಹೋಟೆಲಿನಲ್ಲಿ ಕೆಲಸ: 0.7 × 0.8 = 0.56. ಬ್ರೇಕ್ ಶಿಫ್ಟಿನ (ಒಂದೇ ದಿನ ಎರಡು ಪಾಲಾಗಿ ಮಾಡುವ ಕೆಲಸದ) ನಡುವೆ ಸಿಗುವ ವಿಶ್ರಾಂತಿ ಓದಿಗೆ ಹೋಗುವುದು ಋಣ ಮೌಲ್ಯದ ಫಲ, ಅದನ್ನು ಬಿಡಬಾರದು: 0.9 × (−0.5) = −0.45. ಮೊತ್ತ 0.20, ನಿರೀಕ್ಷೆ 0.8 ಆದರೆ ಪ್ರೇರಣೆ 0.16.

ಈಗ ಆಡಳಿತವು ಉಚಿತ ಕೋಚಿಂಗ್ ಕೊಟ್ಟು ನಿರೀಕ್ಷೆಯನ್ನು ಪೂರ್ತಿ 1ಕ್ಕೆ ಏರಿಸಿತು ಎನ್ನೋಣ. ಪ್ರೇರಣೆ 0.20 ಆಗುತ್ತದೆ, ಅಷ್ಟೇ. ಅದರ ಬದಲು ಬಡ್ತಿ ನಿಯಮದಲ್ಲಿ ಪ್ರಮಾಣಪತ್ರಕ್ಕೆ ಸ್ಥಾನ ಕೊಟ್ಟು 0.1 ಅನ್ನು 0.6ಕ್ಕೆ ಏರಿಸಿದರೆ ಮೊತ್ತ 0.65, ನಿರೀಕ್ಷೆ ಮೊದಲಿನ 0.8 ಇದ್ದರೂ ಪ್ರೇರಣೆ 0.52. 'ನಮ್ಮವರಿಗೆ ಓದುವ ಆಸಕ್ತಿಯೇ ಇಲ್ಲ' ಎಂಬ ದೂರು ಬಂದಾಗ ನಾನು ಮೊದಲು ನೋಡುವುದು ಸೂತ್ರದ ಈ ನಡುವಿನ ಸಂಖ್ಯೆಯನ್ನೇ, ಅಂದರೆ ಸಾಧನತ್ವವನ್ನೇ.

ಹಾಗಾದರೆ ಮಾಲೀಕರು ಅದನ್ನೇಕೆ ಏರಿಸುವುದಿಲ್ಲ? ಅರ್ಥಶಾಸ್ತ್ರಜ್ಞ ಗ್ಯಾರಿ ಬೆಕರ್ ಅವರ ಸಾಮಾನ್ಯ ಮತ್ತು ನಿರ್ದಿಷ್ಟ ತರಬೇತಿಯ ಭೇದ ಇಲ್ಲಿ ನೆರವಾಗುತ್ತದೆ. ಎಲ್ಲೆಡೆ ಸಲ್ಲುವ ಕೌಶಲಕ್ಕೆ ಖರ್ಚು ಮಾಡಿದರೆ ಅದರ ಲಾಭ ನೌಕರರೊಂದಿಗೆ ಬೇರೆ ಹೋಟೆಲಿಗೆ ಹೋಗಬಹುದು. ಮೇಲಿನ ಲೆಕ್ಕದಲ್ಲಿ ನೌಕರರನ್ನು ಓದಿಗೆ ಎಳೆಯುವ 0.56 ಮಾಲೀಕರ ಅಂಜಿಕೆಯೂ ಹೌದು. ಮಾಲೀಕರು ಶುಲ್ಕವನ್ನು ತಾವೇ ಕಟ್ಟಿ ಇಂತಿಷ್ಟು ಕಾಲ ಬಿಡಬಾರದೆಂಬ ಬಾಂಡ್ ಬರೆಸಿಕೊಂಡರೆ ಆ 0.56 ಕುಸಿಯುತ್ತದೆ, ಬಡ್ತಿಯ 0.1 ಇದ್ದಲ್ಲೇ ಉಳಿದರೆ ಮೊತ್ತ ಸೊನ್ನೆಗಿಂತಲೂ ಕೆಳಗಿಳಿಯಬಹುದು.